ಒಳಗೇ ಸುಮ್ಮನಾದ ಗಡ್ಡೆ

ಗುಂಡುಪಿನ್ನುಗಳನ್ನು ತುಟಿಯ ಎಡತುದಿಯಲ್ಲಿ ಕಚ್ಚಿಕೊಂಡೇ ಅವರು ಮಾತಾಡುತ್ತಿದ್ದರು. ಹುಣಸೂರಿನ ನಮ್ಮ ಬೀದಿಯ ಹೆಂಗಸರಿಗೆಲ್ಲ ಅವರು ಟೈಲರ್ ಆಪಾ, ಅಂದರೆ ಟೈಲರ್ ಅಕ್ಕ. ಗಂಡನಿಲ್ಲದ, ಮಕ್ಕಳಿಲ್ಲದ ಜೀವ. ಮದುವೆಯಾಗಿ ಎದುರು ಮನೆಗೆ ಬಂದ ನನ್ನನ್ನು ಊರಲ್ಲಿ ಮೊದಲು ಮಾತಾಡಿಸಿದವರೇ ಅವರು. ಹನಗೋಡಿನಿಂದ ಬಸ್ಸಿಳಿದು ಬಂದವರಿಗೆ ಅಳತೆಗೂ ಮುಂಚೆ ಟೀ ಕೊಡುತ್ತಿದ್ದರು. ರವಿಕೆ ಬಿಗಿಯಾಯಿತೆಂದು ಯಾರಾದರೂ ನಾಚಿಕೊಂಡರೆ, "ದಪ್ಪ ಆಗಿರೋದು ನೀವಲ್ಲ ಕಣಮ್ಮ, ಕುಗ್ಗಿರೋದು ಬಟ್ಟೆ" ಎನ್ನುವರು.

ಒಂದು ದಿನ ನನ್ನ ರವಿಕೆಯ ತೋಳು ಸರಿಮಾಡುವಾಗ ಪಿನ್ನು ತುಟಿಗೆ ಚುಚ್ಚಿ ರಕ್ತ ಗಲ್ಲಕ್ಕಿಳಿಯಿತು. ಅವರಿಗೆ ಗೊತ್ತೇ ಆಗಲಿಲ್ಲ. ಮುಖದ ಆ ಭಾಗ ಜೋಮು ಹಿಡಿದಿತ್ತು. ಅದೇ ಕಡೆಯ ಕಿವಿ ಮಂದವಾಗಿ ವರ್ಷಗಳಾಗಿದ್ದವಂತೆ. ಮಿಷನ್ ಸದ್ದಿಗೆ ಹಾಗಾಗಿದೆ ಎಂದುಕೊಂಡಿದ್ದರು. ಮೈಸೂರಿಗೆ ನಾನೇ ಕರೆದುಕೊಂಡು ಹೋದೆ. ಸ್ಕ್ಯಾನಿನಲ್ಲಿ ಕಿವಿಯ ನರದ ಮೇಲೆ, ಮೆದುಳಿಗೆ ಒತ್ತಿಕೊಂಡು ಒಂದು ಗಡ್ಡೆ ಕಾಣಿಸಿತು. ಕ್ಯಾನ್ಸರ್ ಅಲ್ಲ, ಆದರೆ ಬೆಳೆಯುತ್ತಿದೆ ಎಂದ ಡಾಕ್ಟರು ಬೆಂಗಳೂರಿಗೆ ಕಳಿಸಿದರು.

ಬೆಂಗಳೂರಿನ ಆಸ್ಪತ್ರೆಯಲ್ಲಿ ಆಪಾ ತಲೆಗೆ ಚೌಕಟ್ಟು ಬಿಗಿದು, ವಿಕಿರಣದ ಸಣ್ಣ ಸಣ್ಣ ಕಿರಣಗಳು ಸುತ್ತಲಿಂದಲೂ ಬಂದು ಆ ಒಂದೇ ಜಾಗದಲ್ಲಿ ಕೂಡುವಂತೆ ಬಿಟ್ಟರು. ಸಂಜೆ ಎದ್ದು ಕೂತ ಆಪಾ, ಗಡ್ಡೆ ತೆಗೆದಿರಾ ಎಂದು ಕೇಳಿದರು. ಅದು ಅಲ್ಲೇ ಇರುತ್ತದೆ, ಅದರ ಜೀವಕೋಶಗಳು ಮಾತ್ರ ಇನ್ನು ಒಡೆದು ಹೆಚ್ಚಲಾರವು, ನಿಧಾನವಾಗಿ ಸಾಯುತ್ತವೆ, ಹೋದ ಕಿವಿ ಮರಳುವುದಿಲ್ಲ ಎಂದು ಅಲ್ಲಿನ ಡಾಕ್ಟರಮ್ಮ ಬಿಡಿಸಿ ಹೇಳಿದರು.

ಆದರೆ ಅರ್ಧ ವರ್ಷ ಕಳೆದು ಮತ್ತೆ ಸ್ಕ್ಯಾನ್ ಮಾಡಿಸಿದಾಗ ಗಡ್ಡೆ ಮೊದಲಿಗಿಂತ ದೊಡ್ಡದಾಗಿತ್ತು. ನಡೆದರೆ ಆಪಾಗೆ ತಲೆ ತಿರುಗುತ್ತಿತ್ತು. ನಾನು ಅಲ್ಲೇ ಅತ್ತುಬಿಟ್ಟೆ. ಡಾಕ್ಟರಮ್ಮ ಗಡ್ಡೆಯ ನಡುವಿನ ಕಪ್ಪನ್ನು ತೋರಿಸಿ, ಇದು ಸತ್ತ ಭಾಗ, ಸಾಯುವಾಗ ಹೀಗೆ ಊದಿಕೊಳ್ಳುವುದುಂಟು, ಕಾಯೋಣ ಎಂದರು. ವಾಪಸು ಬರುವಾಗ ಬಸ್ಸಿನಲ್ಲಿ ಆಪಾ ನನ್ನ ಕೈ ಹಿಡಿದುಕೊಂಡು, "ಇರ್ಲಿ ಬುಡಮ್ಮ. ಸಾಯಕ್ಕೂ ಅದಕ್ಕೆ ಟೈಮ್ ಬೇಕಲ್ಲ" ಎಂದರು.

ಕಾಯುವ ಆ ತಿಂಗಳುಗಳಲ್ಲಿ ಅವರಿಂದ ಮಿಷನ್ ತುಳಿಯಲಾಗಲಿಲ್ಲ. ಒಪ್ಪಿಕೊಂಡ ಬಟ್ಟೆಗಳು ಹಾಗೇ ಬಿದ್ದಿದ್ದವು. ಮಿಷನ್ ಮುಂದೆ ನನ್ನನ್ನು ಕೂರಿಸಿದರು. ನಾನು ಕೆಡಿಸಿದ್ದನ್ನೆಲ್ಲ ಬೈಯದೆ ಬಿಚ್ಚಿ ಮತ್ತೆ ಕೈಗಿಟ್ಟರು. ಮುಂದಿನ ಸ್ಕ್ಯಾನಿನ ಹೊತ್ತಿಗೆ ಗಡ್ಡೆ ಚಿಕ್ಕದಾಗಿ, ತಲೆಸುತ್ತೂ ಜೋಮೂ ಇಳಿದಿದ್ದವು. ಇನ್ನು ಅವರ ಜಾಗ ಅವರಿಗೆ ಎಂದು ನಾನು ಎದ್ದೆ.

"ಕೂತ್ಕೊ. ನಾನು ಕತ್ತರಿಸ್ತೀನಿ, ನೀನು ಹೊಲಿ" ಎಂದರು.

ಹಾಗೇ ಕೆಲವು ವರ್ಷ ನಡೆಯಿತು. ಕಳೆದ ಚಳಿಗಾಲದಲ್ಲಿ ಹೃದಯಾಘಾತವಾಗಿ ಆಪಾ ಹೋದರು. ಆ ಗಡ್ಡೆ ಕೊನೆಯವರೆಗೂ ಮತ್ತೆ ಬೆಳೆಯಲಿಲ್ಲ. ನಾನು ಅವರ ಅಂಗಡಿ ಮತ್ತೆ ತೆರೆದ ದಿನ ಕಂಪಲಾಪುರದ ಹುಡುಗಿಯೊಬ್ಬಳು ಮದುವೆಯ ರವಿಕೆ ಬಟ್ಟೆ ಹಿಡಿದು ಬಂದು, "ಆಪಾ ಇಲ್ವಾ?" ಎಂದಳು.

"ಒಳಕ್ಕೆ ಬಾಮ್ಮ" ಎಂದು ಟೇಪು ಕೈಗೆ ತೆಗೆದುಕೊಂಡೆ.