ಬೆರಳಕ್ಕನ ಬೆರಳು

ನೆರೆ ಸಂತ್ರಸ್ತರ ಶಿಬಿರವಾಗಿರುವ ಶಾಲೆಯ ಜಗಲಿಯಲ್ಲಿ ಇನ್ನೂ ನಸುಗತ್ತಲು. ಬೆಂಚಿನ ಮೇಲೆ ಅಂಗೈಯಗಲದ ಯಂತ್ರ, ಅದರ ಹಿಂದೆ ಬೆರಳಕ್ಕ, ಮುಂದೆ ಗೇಟಿನವರೆಗೆ ಸಾಲು. ದಿನವೂ ಮೊದಲು ತನ್ನ ಬೆರಳೊತ್ತಿ ಯಂತ್ರ ತೆರೆದರೆ ಮಾತ್ರ ಅವಳು ಬೇರೆಯವರ ಬೆರಳು ಒತ್ತಿಸಬಹುದು. ಇಂದು ಯಂತ್ರ ಅವಳನ್ನೇ ಗುರುತಿಸುತ್ತಿಲ್ಲ. ಸೆರಗಿಗೆ ಒರೆಸಿ ಮತ್ತೆ ಒತ್ತುತ್ತಾಳೆ. ಕೆಂಪು ದೀಪವೇ ಮಿನುಗುತ್ತದೆ.

"ಎಲ್ಲರ ಬೆರಳು ಸರಿ ಮಾಡೋಳಿಗೇ ಈ ಗತಿನಾ?" ಎಂದು ಸಾಲಿನಿಂದ ಯಾರೋ ಕಾಲೆಳೆಯುತ್ತಾರೆ.

ನೆರೆ ಬಂದು ತಗ್ಗಿನ ಬೀದಿಗಳೆಲ್ಲ ಮುಳುಗಿದ ಮೇಲೆ ಪರಿಹಾರ ಸಂಸ್ಥೆಯೊಂದು ಅಕ್ಕಿ, ಬಟ್ಟೆಯ ಬದಲು ಹಣವನ್ನೇ ಜನರ ಖಾತೆಗೆ ಹಾಕಿದೆ. ಬೇಕಾದ್ದನ್ನು ಅವರೇ ಕೊಳ್ಳಲಿ ಎಂಬ ಒಳ್ಳೆಯ ಯೋಚನೆ. ಆದರೆ ಹಣ ಕೈಸೇರಲು ಬೆರಳಚ್ಚು ಬ್ಯಾಂಕಿನ ದಾಖಲೆಗೆ ಹೊಂದಿಕೆಯಾಗಬೇಕು. ಇಲ್ಲಿಯವರು ಇಟ್ಟಿಗೆ ಹೊತ್ತು, ಬಟ್ಟೆ ಒಗೆದು ಬೆರಳಿನ ಗೆರೆಗಳನ್ನೇ ಸವೆಸಿಕೊಂಡವರು. ತನ್ನ ರೀಚಾರ್ಜ್ ಅಂಗಡಿ ನೀರುಪಾಲಾದಾಗ ಬೆರಳಚ್ಚು ನೋಡಿ ಹಣ ಕೊಡಿಸುವ ಈ ಯಂತ್ರವೊಂದನ್ನೇ ಮಡಿಲಲ್ಲಿಟ್ಟುಕೊಂಡು ಓಡಿಬಂದವಳ ಹೆಗಲಿಗೆ ಈ ಕೆಲಸ ಬಿತ್ತು, ಬೆರಳಕ್ಕ ಎಂಬ ಹೆಸರೂ ಅಂಟಿತು. ಬಿಸಿನೀರು, ಒಣಬಟ್ಟೆ, ತುಸು ಎಣ್ಣೆ, ಇಷ್ಟೇ ಅವಳ ಸಲಕರಣೆ. ಬೆರಳು ಹೊಂದಿದರೆ ಪುಡಿಗಾಸು ಕಮಿಷನ್. ಅತ್ತೆಯ ಮಾತ್ರೆಯೂ ಅದರಲ್ಲೇ ಬರಬೇಕು.

"ಯಂತ್ರ ಗೆರೆ ಕೇಳುತ್ತೆ. ದುಡಿದೋರಿಗೆ ಗೆರೆ ಎಲ್ಲಿಂದ ಬರಬೇಕು?" ಎನ್ನುತ್ತಾಳೆ ಅವಳು.

ಎಲ್ಲರಿಗಿಂತ ಹೆಚ್ಚು ಸತಾಯಿಸಿದ್ದು ಪಾತ್ರೆ ಅಜ್ಜಿ. ಹೋಟೆಲುಗಳಲ್ಲಿ ಪಾತ್ರೆ ತೊಳೆದೇ ಮುದುಕಿಯಾದವಳು, ಶಿಬಿರದ ಹಂಡೆ ತೊಳೆಯುವ ಕೆಲಸವನ್ನೂ ಮೈಮೇಲೆ ಹಾಕಿಕೊಂಡಿದ್ದಳು. ಹತ್ತು ಬೆರಳಲ್ಲಿ ಒಂದೂ ಹೊಂದಲಿಲ್ಲ. ಇಂದು ಸಂಜೆ ಗಡುವು, ಆಮೇಲೆ ಹಣ ಸಂಸ್ಥೆಗೆ ವಾಪಸ್. ಸಿಕ್ಕರೆ ಮೊಮ್ಮಗಳೊಂದಿಗೆ ಬಾಡಿಗೆ ಕೋಣೆ. ಇಲ್ಲವಾದರೆ ಶಾಲೆ ತೆರೆಯುವ ದಿನ ಇಬ್ಬರೂ ಬೀದಿಗೆ.

"ಅಜ್ಜಿ, ಗೆರೆ ಕಾಣೋವರೆಗೆ ನೀವು ಹಂಡೆ ಮುಟ್ಟೋ ಹಾಗಿಲ್ಲ," ಎಂದು ಬೆರಳಕ್ಕ ಕಟ್ಟಪ್ಪಣೆ ಮಾಡಿದ್ದಳು. ಅಜ್ಜಿ ಕೇಳಬೇಕಲ್ಲ! ಕಣ್ಣು ತಪ್ಪಿಸಿ ಮತ್ತೆ ನಲ್ಲಿಯ ಹತ್ತಿರ. "ಸುಮ್ನೆ ಕೂತು ಉಂಡ್ರೆ ಗಂಟಲಲ್ಲಿ ಇಳಿಯಲ್ಲ ಮಗಳೇ." ಕೊನೆಗೆ ಬೆರಳಕ್ಕ ಅಜ್ಜಿಯ ಕೈಗೆ ಎಣ್ಣೆ ಸವರಿ, ಬಟ್ಟೆ ಸುತ್ತಿ ಕೂರಿಸಿ, ವಾರವಿಡೀ ಹಂಡೆಗಳನ್ನು ತಾನೇ ತಂತಿನಾರಿನಲ್ಲಿ ಉಜ್ಜಿದಳು. ತನ್ನ ಬೆರಳಿನ ಯೋಚನೆ ಅವಳ ತಲೆಗೇ ಹೊಳೆಯಲಿಲ್ಲ.

ಈಗ ಸಾಲಿನಿಂದ ಅಜ್ಜಿಯೇ ಎದ್ದು ಬರುತ್ತಾಳೆ. ಬೆರಳಕ್ಕನ ಕೈಯನ್ನು ಬಿಸಿನೀರಿನ ಬೋಗುಣಿಗೆ ಅದ್ದಿ, ಒರೆಸಿ, ಎಣ್ಣೆ ತೀಡಿ, ಮತ್ತೆ ಒರೆಸುತ್ತಾಳೆ. ಒತ್ತಿದರೆ ಹಸಿರು ದೀಪ.

ಮೊದಲ ಸರದಿ ಅಜ್ಜಿಗೇ ಎಂದು ಸಾಲೇ ತೀರ್ಮಾನಿಸುತ್ತದೆ. ಹೆಬ್ಬೆರಳಿಗೆ ಕೆಂಪು, ತೋರುಬೆರಳಿಗೆ ಕೆಂಪು. ಬೆರಳಕ್ಕ ಉಳಿದ ಬೆರಳುಗಳನ್ನು ಮತ್ತೆ ಒರೆಸುತ್ತಾಳೆ. ಉಂಗುರದ ಬೆರಳಿಗೆ ಹಸಿರು. ಬೆರಳಕ್ಕ ಎಣಿಸಿಕೊಟ್ಟ ನೋಟುಗಳನ್ನು ಸೆರಗಿನಲ್ಲಿ ಗಂಟುಹಾಕಿ ಅಜ್ಜಿ ಹೇಳುತ್ತಾಳೆ, "ಇನ್ನು ಹಂಡೆ ನಂಗೆ ಬಿಡು."

ಅಂಗಡಿ ಮತ್ತೆ ತೆರೆಯಬೇಕೆಂಬ ಆಸೆ ಬೆರಳಕ್ಕನಿಗಿದೆ. ಸದ್ಯಕ್ಕೆ ಅವಳು ಸಿಪ್ಪೆಯೆದ್ದ ಬೆರಳ ತುದಿಗಳನ್ನು ನೋಡಿಕೊಂಡು ನಗುತ್ತಾಳೆ. "ಇಷ್ಟು ದಿನ ಇವರ ಕೈ ನೋಡಿ ಅಯ್ಯೋ ಪಾಪ ಅಂತಿದ್ದೆ. ಇವತ್ತು ನನ್ನ ಕೈನೂ ಯಂತ್ರ ಒಂದೇ ಸಲಕ್ಕೆ ಒಪ್ಪಲಿಲ್ಲ. ನಾನೂ ಇವರಲ್ಲಿ ಒಬ್ಬಳಾದೆ."