ನನ್ನ ಮಗಳು ಡಾಕ್ಟರಲ್ಲ ಕಣ್ರೀ

ಮಗಳು ಕಿರ್ಗಿಸ್ತಾನದಲ್ಲಿ ವೈದ್ಯಕೀಯ ಓದುತ್ತಿದ್ದಷ್ಟು ಕಾಲವೂ, ಕಣಕಟ್ಟೆಯಿಂದ ಅರಸೀಕೆರೆಗೆ ಮೇಷ್ಟ್ರ ಕೆಲಸಕ್ಕೆ ಹೋಗುವ ಬಸ್ಸಿನಲ್ಲಿ ನನ್ನ ಪಕ್ಕ ಕೂತ ಯಾರನ್ನೂ ಆ ಸಂಗತಿ ಹೇಳದೆ ಇಳಿಯಗೊಟ್ಟವನಲ್ಲ ನಾನು. ಅವಳು ಪದವಿ ಹಿಡಿದು ಬಂದ ಮೇಲೆ ನನಗೆ ಬಿದ್ದದ್ದು ಅದರ ಉಲ್ಟಾ ಕೆಲಸ. ಆ ಪದವಿ ನಮ್ಮಲ್ಲಿ ನಡೆಯಬೇಕಾದರೆ ಇಲ್ಲಿನ ಪರೀಕ್ಷೆ ಪಾಸಾಗಬೇಕು, ಆಸ್ಪತ್ರೆಯಲ್ಲಿ ಒಂದು ವರ್ಷ ದುಡಿಯಬೇಕು, ಆಮೇಲೆ ರಿಜಿಸ್ಟರ್ ಆಗಬೇಕು. ಅದಕ್ಕೆ ಮುಂಚೆ ಯಾರಿಗಾದರೂ ಮಾತ್ರೆ ಬರೆದಳೋ, ಯಾರಾದರೂ ಒಂದು ದೂರು ಗೀಚಿದರೋ, ಅಷ್ಟೂ ವರ್ಷದ ಓದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ನನಗೆ ನಿದ್ದೆ ಹತ್ತುತ್ತಿರಲಿಲ್ಲ.

ಊರಿಗೆ ಇದ್ಯಾವುದೂ ಬೇಕಿರಲಿಲ್ಲ. ಅವಳು ಬಂದ ಮಾರನೆಯ ಬೆಳಿಗ್ಗೆಯೇ ನಮ್ಮ ಜಗಲಿಯ ಮೇಲೆ ಎರಡು ಮಂಡಿನೋವು, ಒಂದು ಕೆಮ್ಮು ಬಂದು ಕೂತಿದ್ದವು. ನಾನು ಬಾಗಿಲಿಗೆ ಅಡ್ಡ ನಿಂತೆ.

"ಅವಳಿನ್ನೂ ಡಾಕ್ಟರಲ್ಲ ಕಣ್ರೀ."

"ದೃಷ್ಟಿ ಆಯ್ತದೆ ಅಂತ ಹಂಗಂತೀಯ, ಬುಡಪ್ಪ," ಎಂದಳು ಎದುರುಮನೆ ಅಜ್ಜಿ, ಸೀರೆಯನ್ನು ಆಗಲೇ ಮಂಡಿಯ ತನಕ ಎತ್ತಿಕೊಂಡು.

"ಸರ್ಕಾರ ಒಪ್ಪಬೇಕಲ್ಲ ಅಜ್ಜಿ."

"ನಾನ್ ಒಪ್ಕಂಡಿವ್ನಿ. ಮಂಡಿ ನಂದಲ್ವಾ?"

"ಮೇಷ್ಟ್ರು ಫೀಸ್ ಕೀಳಕ್ಕೆ ದಾರಿ ಮಾಡ್ತಾವ್ರೆ ಕಣ್ಲಾ," ಎಂದಿತು ಕೆಮ್ಮು, ಇನ್ನೊಂದು ಮಂಡಿನೋವಿನ ಕಡೆ ತಿರುಗಿ.

ಮೊದಲ ಸಲ ಪರೀಕ್ಷೆ ಕೈಕೊಟ್ಟಿತು. ಮಗಳು ಬಾಗಿಲು ಹಾಕಿಕೊಂಡು ಅತ್ತಳು. ನನಗೂ ದುಃಖವೇ, ಆದರೆ ಸುಳ್ಳೇಕೆ, ಹೇಳಿಕೊಳ್ಳಲು ಒಂದು ಗಟ್ಟಿ ಆಧಾರ ಸಿಕ್ಕಿತೆಂಬ ಸಮಾಧಾನವೂ ಆಯಿತು. ಬಂದವರಿಗೆಲ್ಲ "ಫೇಲಾಗಿದ್ದಾಳೆ ಕಣ್ರೀ" ಎಂದೆ. ಮಾನ್ಯತೆ, ನೋಂದಣಿ ಎಂದರೆ ತಲೆಗೆ ಹೋಗದವರಿಗೆ ಇದು ಥಟ್ಟನೆ ಹೋಯಿತು. ಜಗಲಿ ಖಾಲಿಯಾಯಿತು.

"ಅಪ್ಪಾ, ನಾನು ಫೇಲಾಗಿದ್ದು ಒಂದೇ ಸಲ. ನೀನು ದಿನಾ ಫೇಲ್ ಮಾಡ್ತಿದೀಯ," ಎಂದಳು ಮಗಳು.

ಕಾನೂನು ಎಂದೆ. ಅವಳು ಮುಂದಿನ ಪರೀಕ್ಷೆಗೆ ಪುಸ್ತಕ ತೆರೆದಳು.

ಮುಂದಿನ ಸಲ ಪಾಸಾದಳು. ಆಸ್ಪತ್ರೆಯಲ್ಲಿ ದುಡಿದಳು, ರಿಜಿಸ್ಟರೂ ಆದಳು, ಅರಸೀಕೆರೆಯಲ್ಲಿ ಒಂದು ಕೋಣೆ ಹಿಡಿದು ಬೋರ್ಡು ಹಾಕಿದಳು. ನಾನು ಮತ್ತೆ ಬಸ್ಸಿನಲ್ಲಿ ಪ್ರಚಾರಕ್ಕಿಳಿದೆ.

"ಈಗ ನಿಜವಾಗ್ಲೂ ಡಾಕ್ಟರು ಕಣ್ರೀ!"

ಪಕ್ಕದಲ್ಲಿದ್ದ ತೆಂಗಿನಕಾಯಿ ವ್ಯಾಪಾರಿ ನನ್ನ ತೊಡೆ ತಟ್ಟಿದ. "ಇರ್ಲಿ ಬುಡಿ ಮೇಷ್ಟ್ರೇ. ನಮ್ ಮಕ್ಳು ಫೇಲಾಗಿದ್ನ ನಾವ್ ಮುಚ್ಕಳ್ದೆ ಇನ್ಯಾರ್ ಮುಚ್ತಾರೆ?"

ಕ್ಲಿನಿಕ್ಕಿನ ಬೆಂಚು ಖಾಲಿ ಕಾಣಬಾರದೆಂದು ಶಾಲೆ ಬಿಟ್ಟ ಮೇಲೆ ನಾನೇ ಹೋಗಿ ಕೂರತೊಡಗಿದೆ. ಯಾರಾದರೂ ಇತ್ತ ನೋಡಿದರೆ ಒಂಚೂರು ಕೆಮ್ಮುತ್ತಲೂ ಇದ್ದೆ. ಹೀಗೊಂದು ಸಂಜೆ ಎದುರುಮನೆ ಅಜ್ಜಿ ಬಸ್ಸಿಳಿದು ಕುಂಟುತ್ತ ಬಂದಳು. ನಾನು ಗಡಬಡಿಸಿ ಎದ್ದು ಬಾಗಿಲಲ್ಲೇ ನಿಂತೆ.

"ಪಾಸಾಗಿದ್ದಾಳೆ ಅಜ್ಜಿ, ಬೇಕಾದರೆ ಸರ್ಟಿಫಿಕೇಟ್ ತೋರಿಸ್ತೀನಿ..."

"ಯಾರ್ ಕೇಳಿದ್ರು ನಿನ್ನ? ನಾನ್ ಅವತ್ತೇ ಒಪ್ಪಿದ್ನಲ್ಲ. ಅವತ್ತೂ ಬಾಗ್ಲಿಗ್ ಅಡ್ಡ, ಇವತ್ತೂ ಅಡ್ಡ."

ಒಳಗಿನಿಂದ ಮಗಳ ದನಿ ಬಂತು. ಅದರಲ್ಲಿ ನಗು ಇತ್ತು.

"ಬನ್ನಿ ಅಜ್ಜಿ. ಅಪ್ಪಾ, ಸ್ವಲ್ಪ ದಾರಿ ಬಿಡು."