ವಾಸಣ್ಣ ನೆಟ್ಟಗೆ ನಡೆದದ್ದು

ವಾಸಣ್ಣ ಸೈಕಲ್ ಹತ್ತಿದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ. ಅದರ ಹ್ಯಾಂಡಲ್ ಮೇಲೆ ಬಾಗಿ, ತಳ್ಳಿಕೊಂಡು, ನಮ್ಮ ಬಡಾವಣೆ ಬಿಬವೇವಾಡಿಯ ಮಾರ್ಕೆಟ್ಟಿನಿಂದ ತರಕಾರಿ ತರುತ್ತಿದ್ದರು. ನೆಟ್ಟಗೆ ನಡೆದರೆ ಸ್ವಲ್ಪ ದೂರಕ್ಕೇ ಕಾಲು ಜೋಮು ಹಿಡಿಯುತ್ತಿತ್ತು, ಬಾಗಿದರೆ ಹಗುರ. ಸೊಂಟದ ಮೂಳೆಗಳ ನಡುವೆ ನರದ ದಾರಿ ಕಿರಿದಾಗಿದೆ ಎಂದು ಡಾಕ್ಟರು ಹೇಳಿದ್ದರಂತೆ. "ಬಗ್ಗಿದವನಿಗೆ ಬೀಳುವ ಹೆದರಿಕೆ ಇಲ್ಲ ಮಾರಾಯ್ರೆ," ಎಂದು ನಗುತ್ತಿದ್ದರು ಈ ಕುಂದಾಪುರದವರು.

ಅವರ ಹೋಟೆಲು ನಮ್ಮ ಕಟ್ಟಡದ ಕೆಳಗೇ ಇತ್ತು. ಬೆಳಿಗ್ಗೆ ಚಹಾಕ್ಕೆ ಹೋದರೆ ಗಲ್ಲಾದ ಹಿಂದೆ ಚಾಪೆಯ ಮೇಲೆ ಮಲಗಿ, ಮೊಣಕಾಲನ್ನು ಎದೆಗೆಳೆದುಕೊಂಡು ವ್ಯಾಯಾಮ ಮಾಡುತ್ತಲೇ, "ಆ ಮೂಲೆಗೆ ಸಾಂಬಾರು ಕೊಡಿ!" ಎಂದು ಕೂಗುತ್ತಿದ್ದರು. ಮಾತ್ರೆ, ಸೊಂಟಪಟ್ಟಿ, ಬೆನ್ನಿಗೆ ಇಂಜೆಕ್ಷನ್, ಎಲ್ಲಕ್ಕೂ ಒಪ್ಪಿದರು. ಆಪರೇಷನ್ ಮಾತೆತ್ತಿದರೆ ಮಾತ್ರ ಎದ್ದು ಹೋಗುತ್ತಿದ್ದರು.

"ಅಂಜಿಕಿ ಏನ್ರಿ, ವಾಸಣ್ಣಾ?" ಎಂದು ಒಮ್ಮೆ ಕೇಳಿದೆ.

"ಹೆದರಿಕೆ ಅಲ್ಲ. ನನ್ನ ತಮ್ಮ ಸದಾನಂದ ಇದ್ದ. ಅವನಿಗೂ ಸೊಂಟವೇ. ಬೇಡ ಬೇಡ ಅಂದ. ನಾನೇ ಬೈದು ಆಪರೇಷನ್ನಿಗೆ ಕರ್ಕೊಂಡು ಹೋದೆ. ಕಾಲಿಗೆ ಮತ್ತೆ ಬಲ ಬರ್ಲೇ ಇಲ್ಲ. ಸಾಯುವವರೆಗೆ ಒಳಕೋಣೆಯಲ್ಲಿ ಮಲಗಿಯೇ ಇದ್ದ. ಒಂದು ದಿನವೂ ನನ್ನನ್ನು ಬೈಲಿಲ್ಲ." ಗಲ್ಲಾ ಮುಚ್ಚುತ್ತಾ ಹೇಳಿದರು: "ಈಗ ನಂದು ಸರಿಯಾಯ್ತು ಅಂತ ಇಟ್ಕೊಳ್ಳಿ. ಅವನಿಗೆ ಎಂತ ಹೇಳುದು?"

ಹೋದ ಮಳೆಗಾಲ ಬಲಪಾದ ಎತ್ತಲಾಗದೆ ಅಡುಗೆಮನೆಯಲ್ಲಿ ಬಿದ್ದರು. ನಾನೇ ರಿಕ್ಷಾದಲ್ಲಿ ಕರೆದೊಯ್ದೆ. "ಕಾಕಾ, ಆತಾ ಥಾಂಬೂ ನಕಾ," ಎಂದರು ಡಾಕ್ಟರು ಮರಾಠಿಯಲ್ಲಿ, ಇನ್ನು ಕಾಯಬೇಡಿ ಎಂದು. ವಾಸಣ್ಣ ನನ್ನ ಮುಖ ನೋಡಿದರು.

"ಮಾಡಿಸ್ಕೋರಿ," ಅಂದೆ.

ಅವರು ತಮ್ಮನಿಗೆ ಹೇಳಿದ್ದ ಮಾತನ್ನೇ ನಾನೂ ಹೇಳಿದ್ದೆ. ಅದು ಹೊಳೆದದ್ದು ಆಪರೇಷನ್ ದಿನ ಥಿಯೇಟರಿನ ಹೊರಗಿನ ಬೆಂಚಿನಲ್ಲಿ ಕೂತ ಮೇಲೆ. ಡಾಕ್ಟರು ಬಾಗಿಲು ತೆರೆದು ಬರುವ ತನಕ ನಾನು ಅಲ್ಲಿಂದ ಏಳಲಿಲ್ಲ.

ಆಪರೇಷನ್ ಚೆನ್ನಾಗಿಯೇ ಆಯಿತು. ದೀಪಾವಳಿಯ ಹೊತ್ತಿಗೆ ವಾಸಣ್ಣ ನೆಟ್ಟಗೆ ನಡೆದರು. ಅಷ್ಟು ಎತ್ತರದ ಮನುಷ್ಯನೆಂದು ನಮಗೆ ಗೊತ್ತೇ ಇರಲಿಲ್ಲ. ಆದರೆ ಆ ಕೂಗು, ಆ ನಗು ನಿಂತುಹೋದವು. ಮಾತಿನ ನಡುವೆ ತಿರುಗಿ ಹಿಂದೆ ನೋಡುತ್ತಿದ್ದರು.

ಹೋಟೆಲು ಮಾರಿ ಊರಿನ ಇನ್ನೊಂದು ತುದಿಯ ವಾಕಡದಲ್ಲಿದ್ದ ಮಗಳ ಮನೆಗೆ ಹೊರಟ ಸಂಜೆ ನಾನೂ ಬಸ್ ಸ್ಟಾಪಿನವರೆಗೆ ಜೊತೆಗೆ ಹೋದೆ. ರಸ್ತೆ ದಾಟುವಲ್ಲಿ ಅವರು ನಿಂತರು. ನಾನು ಅವರ ಬಲಕ್ಕಿದ್ದೆ. ಅವರು ಎಡಗೈಯನ್ನು ಹಿಂದಕ್ಕೆ ಚಾಚಿದರು.

"ನಿಧಾನ ಬಾ ಸದಾನಂದಾ. ಅವಸರ ಇಲ್ಲ."

ಅಲ್ಲಿ ಯಾರೂ ಇರಲಿಲ್ಲ. ರಸ್ತೆ ತೆರವಾಯಿತು, ಗಾಡಿಗಳ ಸಾಲು ಮತ್ತೆ ತುಂಬಿತು. ಅವರು ಕಾಯುತ್ತಲೇ ಇದ್ದರು. ಕೊನೆಗೆ ಯಾರದೋ ಕೈ ಹಿಡಿದುಕೊಂಡಂತೆ ಬೆರಳುಗಳನ್ನು ಮೆಲ್ಲಗೆ ಮಡಚಿ, ಬಹಳ ಸಣ್ಣ ಸಣ್ಣ ಹೆಜ್ಜೆ ಇಡುತ್ತಾ ರಸ್ತೆ ದಾಟಿದರು.